ಕಾಣದ ನೀರಿನ ಜಾಡು: ಸಮಾರಿಯಾ ಕಮರಿ ನಡೆಯುವ ರಸಿಕರಿಗೆ

ಗ್ರೀಸ್ ದೇಶದ ಕ್ರೀಟ್ ದ್ವೀಪದ ಪಶ್ಚಿಮಕ್ಕೆ ಲೆಫ್ಕಾ ಓರಿ ಎಂಬ ಬಿಳಿಬೆಟ್ಟಗಳ ಸಾಲಿದೆ. ಅದರ ಅತಿ ಎತ್ತರದ ಶಿಖರ ಪಾಖ್ನೆಸ್, 2,453 ಮೀಟರ್. ಈ ಸಾಲನ್ನು ಸೀಳಿಕೊಂಡು ದಕ್ಷಿಣದ ಲಿಬಿಯಾ ಕಡಲಿಗೆ ಇಳಿಯುವುದೇ ಸಮಾರಿಯಾ ಕಮರಿ. ಸುಮಾರು 1,230 ಮೀಟರ್ ಎತ್ತರದ ಕ್ಸಿಲೋಸ್ಕಾಲೋ ಎಂಬಲ್ಲಿ ಬೆಳಗ್ಗೆ ಹೊರಟರೆ, ಹದಿನಾರು ಕಿಲೋಮೀಟರ್ ನಡೆದು ಸಂಜೆಯೊಳಗೆ ಆಗಿಯಾ ರೂಮೆಲಿ ಎಂಬ ಕಡಲತಡಿಯ ಊರು ಸೇರಬಹುದು. ಐದರಿಂದ ಏಳು ಗಂಟೆಯ ದಾರಿ. ಬಹುತೇಕ ಜನ ಇಲ್ಲಿಗೆ ಬರುವುದು ಒಂದೇ ಒಂದು ಜಾಗಕ್ಕಾಗಿ. 'ಕಬ್ಬಿಣದ ಬಾಗಿಲು' ಎಂದು ಹೆಸರಾದ ಆ ಇಕ್ಕಟ್ಟಿನಲ್ಲಿ ಮುನ್ನೂರು ಮೀಟರ್ ಎತ್ತರದ ಎರಡು ಬಂಡೆಗೋಡೆಗಳು ನಾಲ್ಕು ಮೀಟರಿಗಿಂತ ಕಡಿಮೆ ಅಂತರದಲ್ಲಿ ಎದುರುಬದುರು ನಿಂತಿವೆ. ಆದರೆ ಅದು ಸಿಗುವುದು ನಡಿಗೆಯ ಕೊನೆಯ ಪಾದದಲ್ಲಿ. ಅದನ್ನೊಂದೇ ಕಣ್ಣಲ್ಲಿಟ್ಟುಕೊಂಡವರಿಗೆ ಅದಕ್ಕೆ ಮುಂಚಿನ ಹಾದಿಯೆಲ್ಲ ಕಲ್ಲು, ಮುಳ್ಳು, ಬಿಸಿಲು, ಮಂಡಿನೋವು ಅಷ್ಟೆ. ಹೊಸದಾಗಿ ಹೊರಟವರು ಬೇರೆ ರೀತಿ ನಡೆಯಬೇಕೆಂಬುದು ನನ್ನ ವಾದ. ಈ ನಡಿಗೆಯ ನಿಜವಾದ ವಸ್ತು ಬಂಡೆಯಲ್ಲ, ನೀರು. ಅದೂ ಹೆಚ್ಚಿನ ಹೊತ್ತು ಕಣ್ಣಿಗೆ ಬೀಳದ ನೀರು. ಅದನ್ನು ಹುಡುಕುತ್ತ ನಡೆದವರಿಗೆ ಆ ಹದಿನಾರು ಕಿಲೋಮೀಟರಿನಲ್ಲಿ ದಂಡವಾಗುವ ದಾರಿ ಬಹಳ ಕಡಿಮೆ.

ಕನ್ನಡನಾಡಿನಿಂದ ಹೋದವರು ಮೊದಲು ತಮ್ಮ ಋತುಮಾನದ ಎಣಿಕೆಯನ್ನು ತಿರುವುಮುರುವು ಮಾಡಿಕೊಳ್ಳಬೇಕು. ನಮಗೆ ಮಳೆಯೆಂದರೆ ಜೂನ್, ಜುಲೈ. ಹಸಿರು ಕುದಿಯುವುದೂ ಆಗಲೇ. ಮೆಡಿಟರೇನಿಯನ್ ತೀರದಲ್ಲಿ ಆ ತಿಂಗಳುಗಳಲ್ಲಿ ಹನಿ ಮಳೆಯೂ ಅಪರೂಪ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೆಟ್ಟದ ಮೇಲಾದರೆ ಹಿಮವಾಗಿ. ಹೀಗಾಗಿ ಅಲ್ಲಿನ ಗಿಡಗಳಿಗೆ ಬೇಸಿಗೆಯೇ ನಿದ್ದೆಯ ಕಾಲ. ಸಣ್ಣ, ದಪ್ಪ, ತೊಗಲಿನಂಥ ಎಲೆ, ಎಲೆಯ ಮೇಲೆ ಬೂದು ರೋಮ, ಒಳಗೆ ಘಾಟು ಎಣ್ಣೆ: ಎಲ್ಲವೂ ನಾಲ್ಕೈದು ತಿಂಗಳ ಬಾಯಾರಿಕೆಯನ್ನು ದಾಟಲು ಮಾಡಿಕೊಂಡ ಏರ್ಪಾಡು. ಆಗುಂಬೆಯ ಕಣ್ಣಿನಿಂದ ನೋಡಿದರೆ ಈ ಬೆಟ್ಟ ಬಡವಾಗಿಯೇ ಕಾಣುತ್ತದೆ. ನೀರನ್ನು ಚೆಲ್ಲಾಡುವ ಕಾಡಿಗೂ ನೀರನ್ನು ಗುಟುಕು ಗುಟುಕಾಗಿ ಉಳಿಸಿಕೊಳ್ಳುವ ಕುರುಚಲಿಗೂ ಒಂದೇ ಅಳತೆಗೋಲು ಹಿಡಿಯುವುದು ಸರಿಯಲ್ಲ. ದಾರಿಬದಿಯ ಒಂದು ಎಲೆಯನ್ನು ಕೀಳದೆ ಬೆರಳಲ್ಲಿ ಮೆಲ್ಲಗೆ ಉಜ್ಜಿ ಮೂಸಿ ನೋಡಿ. ಬಿಸಿಲು ಏರಿದಂತೆ ಇಡೀ ಇಳಿಜಾರು ಏಕೆ ಕಾಡುತುಳಸಿಯ ಹಾಗೆ ಘಮಘಮಿಸುತ್ತದೆ ಎಂಬುದು ಗೊತ್ತಾಗುತ್ತದೆ.

ಕ್ಸಿಲೋಸ್ಕಾಲೋದಿಂದ ಶುರುವಾಗುವ ಇಳಿತ ಕಡಿದಾದದ್ದು. ಮೊದಲ ಕೆಲವು ಕಿಲೋಮೀಟರುಗಳಲ್ಲೇ ದಾರಿ ಅಡ್ಡಡ್ಡ ತಿರುಗುತ್ತ ಐನೂರು ಮೀಟರಿಗೂ ಹೆಚ್ಚು ಕೆಳಗಿಳಿದುಬಿಡುತ್ತದೆ. ಎದುರಿಗೆ ಗಿಂಗಿಲೋಸ್ ಶಿಖರದ ಬೋಳು ಬಂಡೆ. ಕಾಲಡಿಯಲ್ಲಿ ಪೈನ್ ಮತ್ತು ಸೈಪ್ರಸ್ ಮರಗಳ ನೆರಳು. ಇಳಿಯುವುದಲ್ಲವೇ, ಸುಲಭ ಎಂದುಕೊಂಡು ಓಡಿದವರಿಗೆ ಮಧ್ಯಾಹ್ನದ ಹೊತ್ತಿಗೆ ತೊಡೆ ನಡುಗುತ್ತದೆ. ಹತ್ತುವಾಗ ದಣಿಯುವುದು ಉಸಿರು, ಇಳಿಯುವಾಗ ದಣಿಯುವುದು ಮಂಡಿ. ಸಣ್ಣ ಹೆಜ್ಜೆ, ಮಂಡಿಯಲ್ಲಿ ತುಸು ಬಾಗು, ಗಟ್ಟಿ ಅಟ್ಟೆಯ ಬೂಟು, ಸಾಧ್ಯವಾದರೆ ಊರುಗೋಲು ಇರಲಿ. ಇದು ಆರೋಗ್ಯದ ಮಾತಷ್ಟೇ ಅಲ್ಲ, ನೋಟದ ಮಾತೂ ಹೌದು. ನಿಧಾನವಾಗಿ ಇಳಿಯುವವರಿಗೆ ಮಾತ್ರ ಗಾಳಿಯ ಬಿಸಿ ಮೆಟ್ಟಿಲು ಮೆಟ್ಟಿಲಾಗಿ ಏರುವುದು ತಿಳಿಯುತ್ತದೆ. ಬಿಸಿಲಿಗೆ ಮೈಯೊಡ್ಡಿದ ಪಕ್ಕದಲ್ಲಿ ಮುಳ್ಳುಕುರುಚಲು, ನೆರಳಿನ ಪಕ್ಕದಲ್ಲಿ ಮರ ಎಂಬ ಭೇದ ಕಣ್ಣಿಗೆ ಬೀಳುತ್ತದೆ. ಒಂದೇ ಬೆಟ್ಟ, ಒಂದೇ ಮಳೆ. ಬಿದ್ದ ನೀರು ಎಷ್ಟು ದಿನ ನಿಲ್ಲುತ್ತದೆ ಎಂಬುದರ ಮೇಲೆ ಎರಡು ಮಗ್ಗುಲು ಎರಡು ಬಣ್ಣ. ನೀರಿನ ಮೊದಲ ಸುಳಿವು ಇಲ್ಲಿಯೇ ಸಿಗುತ್ತದೆ.

ಎರಡನೆಯ ಸುಳಿವು ಕಲ್ಲಿನಲ್ಲಿದೆ. ಈ ಬೆಟ್ಟಗಳು ಬಹುಪಾಲು ಸುಣ್ಣದಕಲ್ಲಿನವು. ಸುಣ್ಣದಕಲ್ಲು ಮಳೆನೀರಿಗೆ ಕರಗುತ್ತದೆ, ಬಿರುಕು ಬಿಡುತ್ತದೆ. ನೀರು ಮೇಲೆ ಹರಿಯದೆ ಒಳಗಿಳಿಯುತ್ತದೆ. ಕಮರಿಯ ತಲೆಯ ಮೇಲಿರುವ ಒಮಾಲೋಸ್ ಬಯಲನ್ನೇ ನೋಡಿ. ಸುತ್ತ ಬೆಟ್ಟ, ನಡುವೆ ಬಟ್ಟಲಿನಂಥ ಸಮತಟ್ಟು. ಹೊರಗೆ ಹರಿದುಹೋಗಲು ಒಂದು ಹೊಳೆಯೂ ಇಲ್ಲ. ಕರಗಿದ ಹಿಮವೂ ಮಳೆಯೂ ಅಲ್ಲಿನ ತ್ಸಾನಿಸ್ ಗವಿಯಂಥ ಬಾಯಿಗಳ ಮೂಲಕ ನೆಲದೊಳಗೆ ಮಾಯವಾಗುತ್ತವೆ. ಅಷ್ಟು ಹಿಮ ಹೊದೆಯುವ ಬೆಟ್ಟದ ಮೈ ಬೇಸಿಗೆಯಲ್ಲಿ ಬಣಗುಟ್ಟುವುದೇಕೆ, ಬರಡಾಗಿ ಕಾಣುವ ಬಂಡೆಯ ಬುಡದಲ್ಲಿ ಇದ್ದಕ್ಕಿದ್ದಂತೆ ತಣ್ಣನೆಯ ಬುಗ್ಗೆ ಏಳುವುದೇಕೆ ಎಂಬ ಎರಡು ಪ್ರಶ್ನೆಗೂ ಉತ್ತರ ಒಂದೇ. ದಾರಿಯಲ್ಲಿ ಮೊದಲು ಎದುರಾಗುವ ನೆರೂತ್ಸಿಕೋ ಬುಗ್ಗೆಯ ಹತ್ತಿರ ಬಾಟಲಿ ತುಂಬಿಸಿಕೊಂಡು ಮುಂದೆ ಸಾಗುವುದು ವಾಡಿಕೆ. ತುಂಬಿಸಿಕೊಳ್ಳುವಾಗ ತಲೆಯೆತ್ತಿ ಮೇಲಿನ ಒಣಬಂಡೆಯನ್ನೊಮ್ಮೆ ನೋಡಿ. ಆ ನೀರು ಅದರ ಒಳಗಿನಿಂದಲೇ ಬಂದದ್ದು. ಇನ್ನಷ್ಟು ಕೆಳಗೆ ಗೋಡೆಗಳಲ್ಲಿ ಸುಣ್ಣದಕಲ್ಲಿನ ತೆಳು ಪದರಗಳು ಮಡಿಸಿಟ್ಟ ಕಂಬಳಿಗಳ ಹಾಗೆ ಬಾಗಿ ಬಳುಕಿ ಕಾಣುತ್ತವೆ. ಕಡಲತಳದಲ್ಲಿ ಕೂತ ಪದರಗಳು ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡದ್ದು ಹೀಗೆ. ಆಫ್ರಿಕಾದ ಭೂಫಲಕ ಇಂದಿಗೂ ಕ್ರೀಟಿನ ಅಡಿಗೆ ನುಗ್ಗುತ್ತಿದೆ; ದ್ವೀಪ ಏಳುತ್ತಲೇ ಇದೆ. ಕ್ರಿ.ಶ. 365ರ ಮಹಾಭೂಕಂಪದಲ್ಲಿ ಪಶ್ಚಿಮ ಕ್ರೀಟಿನ ಕಡಲಂಚು ಕೆಲವೆಡೆ ಒಂಬತ್ತು ಮೀಟರಿನಷ್ಟು ಮೇಲೆದ್ದಿತು. ನೆಲ ಏಳುವ ವೇಗಕ್ಕೆ ಹೊಳೆ ಕೊರೆದು ಉತ್ತರ ಕೊಟ್ಟಿದೆ. ಕಮರಿಯ ಆಳವೆಂದರೆ ಆ ಕೊರೆತದ ಲೆಕ್ಕ.

ಹೊಳೆಯ ಪಾತ್ರಕ್ಕೆ ಇಳಿದ ಮೇಲೆ ಕೆಲಸ ಇನ್ನೂ ಸೊಗಸಾಗುತ್ತದೆ, ಏಕೆಂದರೆ ಅಲ್ಲಿ ಗಿಡಮರಗಳೇ ನೀರಿನ ಸಾಕ್ಷಿ ಹೇಳುತ್ತವೆ. ಬೆಳ್ಳಗಿನ ಉರುಟುಗಲ್ಲುಗಳ ನಡುವೆ ಬೃಹತ್ತಾಗಿ ಬೆಳೆದು ನಿಂತ, ಅಂಗೈಯಗಲದ ಎಲೆಯ ಮರ ಕಂಡರೆ ಅದು ಕಾಶ್ಮೀರದಲ್ಲಿ ಚಿನಾರ್ ಎನ್ನುವ ಅದೇ ಮರ. ಅದಕ್ಕೆ ವರ್ಷವಿಡೀ ಬೇರಿಗೆ ನೀರು ಬೇಕು. ಕಲ್ಲಿನ ಮೇಲೆ ಹನಿ ಇಲ್ಲದಿದ್ದರೂ ಅದು ಹಸಿರಾಗಿದೆಯೆಂದರೆ ಹೊಳೆ ಕಾಲಡಿಯಲ್ಲೇ ಹರಿಯುತ್ತಿದೆ ಎಂದರ್ಥ. ಇನ್ನೂ ಕೆಳಗೆ, ಬಿಸಿ ಹೆಚ್ಚಿದ ಕಡೆ ನಸುಗೆಂಪು ಹೂವಿನ ಪೊದೆ ಸಿಗುತ್ತದೆ. ನಮ್ಮ ಹಿತ್ತಲಿನ ಕಣಗಿಲೆಯೇ ಅದು. ನಾವು ಅದನ್ನು ನೆಟ್ಟು ಬೆಳೆಸಿದ ಗಿಡವೆಂದು ಬಲ್ಲೆವು. ಮೆಡಿಟರೇನಿಯನ್ ಹಳ್ಳಗಳಲ್ಲಿ ಅದು ತಾನೇ ತಾನಾಗಿ ಒಣಪಾತ್ರದ ಉದ್ದಕ್ಕೂ ಹಬ್ಬಿ, ಅಡಿಯಲ್ಲಿರುವ ತೇವದ ಗೆರೆಯನ್ನು ಮೇಲೆ ಹೂವಿನಲ್ಲಿ ಎಳೆದು ತೋರಿಸುತ್ತದೆ. ಕ್ರೀಟಿನ ಹಳ್ಳಗಳಲ್ಲಿ ನಮ್ಮ ಲಕ್ಕಿಗಿಡದ ದಾಯಾದಿಯೂ ಉಂಟು, ಅದೇ ಬಗೆಯ ಬೆರಳು ಬೆರಳಾದ ಎಲೆ, ನೇರಳೆ ತೆನೆ. ಇಂಥ ಗುರುತುಗಳನ್ನು ಕಲಿತರೆ ರಸಾನುಭವಕ್ಕೆ ಪಾಂಡಿತ್ಯ ಅಡ್ಡಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ತಾಳ ಹಾಕಲು ಕಲಿತವರು ಕಛೇರಿಯನ್ನು ಕಡಿಮೆ ಸವಿಯುವುದಿಲ್ಲ. ಕಲಿಯದವರಿಗೂ ಕಮರಿ ಸುಂದರವೇ, ನಿಜ. ಆದರೆ ಆ ಸೌಂದರ್ಯ ಎರಡನೆಯ ಗಂಟೆಗೆ ಬೇಸರ ತರಿಸುತ್ತದೆ. ಕಲಿತವರಿಗೆ ಪ್ರತಿ ತಿರುವಿನಲ್ಲೂ ಒಂದು ಪ್ರಶ್ನೆ ಕಾದಿರುತ್ತದೆ.

ಇದಕ್ಕಿಂತ ತೂಕದ ಆಕ್ಷೇಪವೊಂದಿದೆ. ಈ ಬೆಟ್ಟಗಳು ಒಂದು ಕಾಲಕ್ಕೆ ದಟ್ಟ ಕಾಡಾಗಿದ್ದವು, ಕೊಡಲಿಯೂ ಬೆಂಕಿಯೂ ಮೇಕೆಯೂ ಸೇರಿ ಅವನ್ನು ಹಾಳುಗೆಡವಿದವು. ಹಾಳಾದ ನೆಲವನ್ನು ಮೆಚ್ಚುವುದು ಗಾಯವನ್ನು ಮೆಚ್ಚಿದಂತೆ ಎಂಬುದು ಅದರ ಸಾರ. ಕೆಲವೆಡೆ ಇದರಲ್ಲಿ ನಿಜವಿದೆ. ಕ್ರೀಟಿನ ಸೈಪ್ರಸ್ ಮರ ಶತಮಾನಗಳ ಕಾಲ ಹೊರನಾಡಿಗೆ ಸಾಗಿದ್ದು ಹೌದು. ಆದರೆ ಆಲಿವರ್ ರ್‍ಯಾಕಮ್ ಮತ್ತು ಜೆನಿಫರ್ ಮೂಡಿ 1996ರಲ್ಲಿ ಪ್ರಕಟಿಸಿದ ಕ್ರೀಟಿನ ಭೂದೃಶ್ಯದ ಅಧ್ಯಯನ ಈ ಸರಳ ಕಥೆಯನ್ನು ಒಪ್ಪುವುದಿಲ್ಲ. ಮನುಷ್ಯ, ಮೇಕೆ, ಬೆಂಕಿ ಅಲ್ಲಿ ಸಾವಿರಾರು ವರ್ಷಗಳಿಂದ ಇವೆ, ಗಿಡಗಳು ಅವುಗಳೊಡನೆ ಹೊಂದಿಕೊಂಡೇ ಬದುಕಿವೆ ಎಂಬುದು ಅವರ ನಿಲುವು. ಕೆರ್ಮಿಸ್ ಓಕ್ ಎಂಬ ಮುಳ್ಳೆಲೆಯ ಗಿಡವನ್ನು ಮೇಕೆ ತಿನ್ನುತ್ತಲೇ ಇದ್ದರೆ ಅದು ಮಂಡಿಯೆತ್ತರದ ಬಿಗಿ ಪೊದೆಯಾಗಿ ಉಳಿಯುತ್ತದೆ. ಮೇಕೆ ತಿನ್ನುವುದನ್ನು ಬಿಟ್ಟರೆ ಅದೇ ಮರವಾಗುತ್ತದೆ. ಪೊದೆಯೂ ಮರವೂ ಒಂದೇ ಜೀವದ ಎರಡು ನಡೆ. ಕಮರಿಯ ಹೆಮ್ಮೆಯಾದ ಕ್ರಿಕ್ರಿ ಎಂಬ ಕಾಡುಮೇಕೆಯ ಕಥೆ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಅದನ್ನು ಉಳಿಸುವುದೂ ಮನಸ್ಸಿನಲ್ಲಿದ್ದೇ 1962ರಲ್ಲಿ ಇಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಅದರ ಪೂರ್ವಜರಾದರೋ ಪ್ರಾಚೀನ ಕಾಲದಲ್ಲಿ ಮನುಷ್ಯರೊಡನೆ ದೋಣಿಯಲ್ಲಿ ಬಂದಿಳಿದವು ಎಂಬುದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿರುವ ಮಾತು. ಅಪ್ಪಟ ಪ್ರಕೃತಿ, ಕೆಟ್ಟ ಪ್ರಕೃತಿ ಎಂಬ ಎರಡೇ ಡಬ್ಬಿ ಹಿಡಿದು ಹೊರಟವರಿಗೆ ಇಲ್ಲಿ ಯಾವುದನ್ನು ಎಲ್ಲಿ ಹಾಕಬೇಕೆಂದು ತಿಳಿಯುವುದಿಲ್ಲ.

ಅರ್ಧ ದಾರಿಗೆ ಸಿಗುವ ಸಮಾರಿಯಾ ಹಳ್ಳಿ ಈ ಮಾತಿಗೆ ಪುರಾವೆ. ಉದ್ಯಾನವಾದಾಗ ಇಲ್ಲಿದ್ದ ಕುಟುಂಬಗಳನ್ನು ಎಬ್ಬಿಸಲಾಯಿತು. ಉಳಿದದ್ದು ಕಲ್ಲುಮನೆ, ಮೆಟ್ಟಿಲುಗದ್ದೆಗಳ ಕಟ್ಟೆ, ಆಲಿವ್ ಮರ. ಎಲ್ಲರೂ ಇಲ್ಲಿ ಬುತ್ತಿ ಬಿಚ್ಚುತ್ತಾರೆ, ಬಿಚ್ಚಲಿ. ಊರು ಇಲ್ಲೇ ಏಕೆ ಹುಟ್ಟಿತು ಎಂದು ಕೇಳಿಕೊಂಡರೆ ಉತ್ತರ ಮತ್ತೆ ನೀರೇ: ಕಣಿವೆ ತುಸು ಅಗಲವಾಗಿದೆ, ಕೈಗೆಟುಕುವ ದೂರದಲ್ಲಿ ಬುಗ್ಗೆಗಳಿವೆ.

ಹಳ್ಳಿ ದಾಟಿದ ಮೇಲೆ ಗೋಡೆಗಳು ಹತ್ತಿರವಾಗುತ್ತವೆ, ನೆಲದೊಳಗಿದ್ದ ಹೊಳೆ ಮೇಲೆ ಬರುತ್ತದೆ, ಮರದ ಹಲಗೆಯ ಮೇಲೆ ಅದನ್ನು ದಾಟಬೇಕಾಗುತ್ತದೆ. ಆಮೇಲೆ ಕಬ್ಬಿಣದ ಬಾಗಿಲು. ಇಲ್ಲಿ ಜಾಣರೊಬ್ಬರು ಕೇಳಬಹುದು: ಕಡಲ ಕಡೆಯಿಂದ ದೋಣಿಯಲ್ಲಿ ಬಂದು ಮೂರ್ನಾಲ್ಕು ಕಿಲೋಮೀಟರ್ ಮೇಲೆ ನಡೆದರೆ ಇದೇ ಬಾಗಿಲು ಸಿಗುತ್ತದಲ್ಲ, ಇಷ್ಟು ಕಷ್ಟವೇಕೆ? ಹಾಗೆ ಬರುವವರು ಬಹಳ ಜನ. ಮಂಡಿ ನೆಟ್ಟಗಿಲ್ಲದವರಿಗೆ, ವಯಸ್ಸಾದವರಿಗೆ ಅದೇ ಸರಿಯಾದ ದಾರಿ, ಅದರಲ್ಲಿ ಕೀಳೇನಿಲ್ಲ. ಆದರೆ ಅವರಿಗೆ ಕಾಣುವುದು ಎತ್ತರ ಮಾತ್ರ. ಮೇಲಿನಿಂದ ಬಂದವರು ಬೆಳಗ್ಗೆಯಿಂದ ನೀರು ಅಡಗುವುದನ್ನು, ಗಿಡದಲ್ಲಿ ಸುಳಿವು ಕೊಡುವುದನ್ನು, ಬುಗ್ಗೆಯಾಗಿ ಏಳುವುದನ್ನು ನೋಡಿರುತ್ತಾರೆ. ಅವರಿಗೆ ಮುನ್ನೂರು ಮೀಟರಿನ ಆ ಗೋಡೆ ಪಾದದ ಬಳಿ ತೆಳ್ಳಗೆ ಹರಿಯುವ ನೀರು ಚಳಿಗಾಲದಲ್ಲಿ ಏನು ಮಾಡುತ್ತದೆ ಎಂಬುದರ ದಾಖಲೆಯಾಗಿ ಕಾಣುತ್ತದೆ. ಗೋಡೆಯ ಕೆಳಭಾಗ ಏಕೆ ನುಣುಪಾಗಿದೆ ಎಂದು ಕೈಯಿಟ್ಟು ನೋಡಿ. ಉದ್ಯಾನ ಸಾಮಾನ್ಯವಾಗಿ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಮಾತ್ರ ತೆರೆದಿರುವುದಕ್ಕೂ, ಮಳೆಯ ಸೂಚನೆ ಇದ್ದ ದಿನ ಬಾಗಿಲು ಹಾಕುವುದಕ್ಕೂ ಕಾರಣ ಅದೇ. ಆಗಿಯಾ ರೂಮೆಲಿಯ ಹಳೆಯ ಊರನ್ನು ಪ್ರವಾಹವೊಂದು ಹಾಳುಮಾಡಿದ ಮೇಲೆಯೇ ಜನ ಕಡಲಂಚಿಗೆ ಸರಿದದ್ದು.

ಜನಜಂಗುಳಿಯ ದೂರು ಉಳಿಯಿತು. ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ಜನ ನಡೆಯುವ ಕಮರಿಯಲ್ಲಿ ಏಕಾಂತವೆಲ್ಲಿ? ಬಯಸಿದ್ದು ಏಕಾಂತವೇ ಆದರೆ ಸಮಾರಿಯಾ ತಪ್ಪು ಆಯ್ಕೆ, ಒಪ್ಪುತ್ತೇನೆ. ಗುಂಪು ಅಡ್ಡಿಯಾಗುವುದು ಹೆಚ್ಚಾಗಿ ಬಾಗಿಲಿನ ಬಳಿ, ಫೋಟೋದ ಸರದಿಯಲ್ಲಿ. ಚಿನಾರ್ ಬೇರನ್ನೋ ಬಂಡೆಯ ಮಡಿಕೆಯನ್ನೋ ನೋಡುವವರಿಗೆ ಯಾರೂ ಅಡ್ಡ ಬರುವುದಿಲ್ಲ, ಏಕೆಂದರೆ ಅಲ್ಲಿ ಯಾರೂ ನಿಲ್ಲುವುದಿಲ್ಲ. ಮೇ ತಿಂಗಳು ಒಳ್ಳೆಯದು: ಮೇಲೆ ಹಿಮ ಇನ್ನೂ ಕರಗುತ್ತಿರುತ್ತದೆ, ಹೊಳೆಗೆ ಸದ್ದಿರುತ್ತದೆ, ಹೂವು ಉಳಿದಿರುತ್ತದೆ. ಆಗಸ್ಟಿನಲ್ಲಿ ಹೋಗಲೇಬೇಕಾದರೆ ಬಾಗಿಲು ತೆರೆಯುವ ಹೊತ್ತಿಗೇ ಹೊರಡಿ, ಮುಂಜಾನೆಯ ನೆರಳು ಕೈಬಿಡುವ ಮುನ್ನ ಹಳ್ಳಿ ಮುಟ್ಟಿ. ಆಗಿಯಾ ರೂಮೆಲಿಗೆ ಮೋಟಾರು ರಸ್ತೆ ಇಲ್ಲ; ಸಂಜೆಯ ಹಡಗು ತಪ್ಪಿದರೆ ರಾತ್ರಿ ಅಲ್ಲೇ.

ಇದು ಹಿಡಿಸಿದವರು ಮುಂದೆ ಹೋಗಬೇಕಾದದ್ದು ಇದೇ ಬೆಟ್ಟಸಾಲಿನ ಪೂರ್ವ ಮಗ್ಗುಲಿನ ಇಂಬ್ರೋಸ್ ಕಮರಿಗೆ. ಎಂಟು ಕಿಲೋಮೀಟರ್, ಎರಡು ಮೂರು ಗಂಟೆಯ ಕೆಲಸ. ಇಕ್ಕಟ್ಟಾದ ಕಡೆ ಎರಡೂ ಗೋಡೆಗೆ ಒಟ್ಟಿಗೆ ಕೈ ತಾಕಿಸಬಹುದು. ಬೇಸಿಗೆಯಲ್ಲಿ ಅಲ್ಲಿ ಹೊಳೆ ಮೇಲೆ ಬರುವುದೇ ಇಲ್ಲ, ಸಮಾರಿಯಾದ ಹಾಗೆ ಕೊನೆಗೆ ತೋರಿಸಿ ಸಮಾಧಾನ ಮಾಡುವ ನೀರೂ ಇಲ್ಲ. ಕಲಿತದ್ದನ್ನು ಪರೀಕ್ಷಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಆ ದ್ವೀಪದಲ್ಲಿ ಕಡಿಮೆ.