ಗದಗ ರೈಲು ನಿಲ್ದಾಣ: ನವೀಕರಣ ಮತ್ತು ಸಂರಕ್ಷಣೆ

ಗದುಗಿನ ತ್ರಿಕೂಟೇಶ್ವರ, ಲಕ್ಷ್ಮೇಶ್ವರದ ಸೋಮೇಶ್ವರ ದೇಗುಲಗಳನ್ನು ಪರಂಪರೆಯೆಂದು ಮನ್ನಿಸುವ ದೃಷ್ಟಿಯು 1884ರ ಹೋಟಗಿ-ಗದಗ ರೈಲುಮಾರ್ಗವನ್ನು ಅಷ್ಟೇ ಗಂಭೀರವಾಗಿ ಪರಿಗಣಿಸಿಲ್ಲ. 1876-78ರ ಬರದ ಅನುಭವದ ಹಿನ್ನೆಲೆಯಲ್ಲಿ ಸದರ್ನ್ ಮರಾಠಾ ರೈಲ್ವೆ ನಿರ್ಮಿಸಿದ ಈ ಮಾರ್ಗವು ಗದುಗಿನ ಹತ್ತಿ ಪೇಟೆಗೂ ನೆರವಾಯಿತು. ಆದುದರಿಂದ ಅದರ ಹಳೆಯ ಕಟ್ಟಡಗಳು ಆರ್ಥಿಕ ಇತಿಹಾಸದ ಆಕರಗಳೂ ಹೌದು.

ಅಮೃತ ಭಾರತ ಯೋಜನೆಯಡಿ ನವೀಕೃತವಾದ ಗದಗ ನಿಲ್ದಾಣವು 2025ರ ಮೇ 22ರಂದು ಉದ್ಘಾಟನೆಗೊಂಡಿತು. ಆ ಅನುದಾನದ ಮುಖ್ಯ ಉದ್ದೇಶ ಪ್ರಯಾಣಿಕರ ಸೌಕರ್ಯ. ಅದನ್ನೇ ಸಂರಕ್ಷಣೆಯೆಂದು ಎಣಿಸುವುದು ಸಲ್ಲದು. ಸಂರಕ್ಷಣೆಯಲ್ಲಿ ಅಳತೆ ನಕ್ಷೆ, ಗಾರೆಯ ಪರೀಕ್ಷೆ, ಮರುಬಳಕೆಯ ನಿರ್ಧಾರಗಳು ಮೊದಲು. ವೆಚ್ಚದ ಅಂದಾಜು ಅನಂತರ. ಬೆಂಗಳೂರು-ಚಿಕ್ಕಬಳ್ಳಾಪುರ ಮಾರ್ಗದ ನಂದಿ ನಿಲ್ದಾಣವನ್ನು ಇಂಟ್ಯಾಕ್ ಸಂಸ್ಥೆ ಜೀರ್ಣೋದ್ಧಾರಗೊಳಿಸಿದ ನಿದರ್ಶನ ರಾಜ್ಯದಲ್ಲಿಯೇ ಇದೆ. ಗದಗ ಮಾರ್ಗಕ್ಕೂ ಇಂತಹ ಪ್ರತ್ಯೇಕ ದಾಖಲೀಕರಣ ಹಾಗೂ ವಾರ್ಷಿಕ ನಿರ್ವಹಣಾ ನಿಧಿ ಅಗತ್ಯ.