ಹೆಸರಿಲ್ಲದವರ ನೆನಪು

ಮೂಡಿಗೆರೆ, ಕಳಸದ ಹೋಂಸ್ಟೇ ಜಗಲಿಗಳಲ್ಲಿ ಹಿತ್ತಾಳೆ ಹಂಡೆ, ಗ್ರಾಮಫೋನು ಕಾಣಸಿಗುತ್ತವೆ. ಕೂಲಿಲೈನಿನ ಕಂಬಳಿಕೊಪ್ಪೆ, ಕತ್ತಿ ಅಪರೂಪ. ಯಾರ ನೆನಪು ಉಳಿಯಬೇಕೆಂಬ ತೀರ್ಮಾನ ಪ್ರತಿ ಸಂಗ್ರಹದಲ್ಲೂ ಇರುತ್ತದೆ.

ಕಳಸದಿಂದ ಹರಿದ ಭದ್ರೆ ಮುಟ್ಟುವ ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಅವರ ಇನ್‌ಸ್ಟಲೇಶನ್‌ಗಳು ನನಗೆ ಮುಖ್ಯವಾಗುವುದು ಇಲ್ಲಿಯೇ. 2009ರ ವೆನಿಸ್ ಬಿನಾಲೆಯಲ್ಲಿದ್ದ ‘ಬಿಹೋಲ್ಡ್’ ಕೃತಿಯ ಸಾಮಗ್ರಿ ಎರಡೇ: ಕಾರಿನ ಬಂಪರು, ಕೂದಲ ಹಗ್ಗ. ದೃಷ್ಟಿ ತಾಗದಿರಲೆಂದು ನಮ್ಮ ಚಾಲಕರು ಬಂಪರಿಗೆ ಕಟ್ಟುವ ಹಗ್ಗವದು. ಹರಕೆಯ ಮುಡಿಯಿಂದ ಹೊಸೆದ ಅದು ಇಲ್ಲಿ ಕಿಲೋಮೀಟರುಗಟ್ಟಲೆ ಉದ್ದವಾಗಿ ಉಕ್ಕಿನ ಭಾರವನ್ನೇ ಹೊತ್ತಿದೆ.

ಮುಡಿ ಕೊಟ್ಟವರ ಹೆಸರು ಎಲ್ಲಿ ಎಂದು ಕೇಳಬಹುದು. ಮುಡಿ ಸರಕಾದಾಗಲೇ ಹೆಸರು ಅಳಿಸಿತ್ತು. ಶೀಲಾ ಆ ಖಾಲಿತನವನ್ನು ಸಿಂಗರಿಸದೆ ತೋರಿಸುತ್ತಾರೆ. ನಮ್ಮ ಜಗಲಿಯ ಹಂಡೆ ಫಳಫಳ ಹೊಳೆಯುತ್ತದೆ. ಅದನ್ನು ತಿಕ್ಕಿದ ಕೈಯ ಸುಳಿವೂ ಅಲ್ಲಿಲ್ಲ.