ಕಾಯ್ದೆಯದೆಷ್ಟು, ಕಂಪನಿಯದೆಷ್ಟು

ಸೋಯಾಬೀನ್ ರಾಶಿ ಮುಗಿದು ಗಾಂಧಿ ಗಂಜ್‌ಗೆ ಚೀಲಗಳು ಬಂದು ಬೀಳುವ ಹೊತ್ತಿಗೆ ಬೀದರ್ ಸೀಮೆಯಲ್ಲಿ ಹೊಸ ಪಿಕಪ್‌ನ ಮಾತೂ ಶುರುವಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿರುವುದರಿಂದ ಹಳೇ ಗಾಡಿಗೆ ಬೆಸುಗೆ ಹಾಕಿಸಿಕೊಂಡು ಓಡಿಸುತ್ತಿದ್ದವರೂ ಕಂತಿನ ಲೆಕ್ಕ ಹಾಕುತ್ತಿದ್ದಾರೆ. ಆದರೆ ಔರಾದ್, ಭಾಲ್ಕಿ ಕಡೆ ಯಾವ ಚಾಲಕರನ್ನು ಕೇಳಿದರೂ ಒಂದೇ ದೂರು: "ಹಳೇದೇ ಛಲೋ ಇತ್ತು ನೋಡ್ರಿ. ಹೊಸಾದ್ರಾಗ ಬರೇ ಸೆನ್ಸರ್. ಎಲ್ಲಾ ಸರ್ಕಾರದ ಕಾಟ."

ಸಿಟ್ಟು ನ್ಯಾಯವಾದದ್ದೇ. ಆದರೆ ಅದನ್ನು ಬಿಡಿಸಿ ನೋಡದೆ ಶೋರೂಮ್‌ಗೆ ಹೋದರೆ ಕಾಯ್ದೆಯ ಹೆಸರಿನಲ್ಲಿ ಕಂಪನಿಯ ಅಲಂಕಾರಕ್ಕೂ ದುಡ್ಡು ಕಟ್ಟಿ ಬರುತ್ತೀರಿ.

ಮೊದಲು ಕಾಯ್ದೆಯದ್ದು. ನಮ್ಮ ದೇಶ ಬಿಎಸ್-4ರಿಂದ ಬಿಎಸ್-5 ಬಿಟ್ಟು ನೇರವಾಗಿ ಬಿಎಸ್-6ಕ್ಕೆ ಜಿಗಿದದ್ದು 2020ರ ಏಪ್ರಿಲ್ 1ರಂದು. 2023ರ ಏಪ್ರಿಲ್‌ನಲ್ಲಿ ಎರಡನೇ ಹಂತ ಬಂತು. ಹೊಗೆಯನ್ನು ಪ್ರಯೋಗಾಲಯದಲ್ಲಷ್ಟೇ ಅಲ್ಲ, ರಸ್ತೆಯ ಮೇಲೂ ಅಳೆಯಬೇಕು ಎಂಬ ನಿಯಮ ಆಗಿನಿಂದ ಜಾರಿಯಲ್ಲಿದೆ. ಡೀಸೆಲ್‌ನ ಗಂಧಕವೂ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಮಂಡಿಯ ಮುಂದೆ ಎಂಜಿನ್ ಚಾಲೂ ಇಟ್ಟು ನಿಂತ ಗಾಡಿಗಳ ಹೊಗೆ ಕುಡಿಯುವವರು ಹಮಾಲರು. ಅವರ ಎದೆಗೂಡಿನ ಕಡೆಯಿಂದ ನೋಡಿದರೆ ಈ ನಿಯಮ ಬೇಡವೆನ್ನಲು ನನಗೆ ಮನಸ್ಸಾಗದು.

ಕಷ್ಟ ಇರುವುದು ಅದರ ನಿರ್ವಹಣೆಯಲ್ಲಿ. ಸೈಲೆನ್ಸರ್ ದಾರಿಯಲ್ಲಿರುವ ಡಿಪಿಎಫ್ ಎಂಬ ಜಾಲರಿ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಗೆಕೊಳವೆ ಚೆನ್ನಾಗಿ ಕಾದಾಗ, ಸುಮಾರು 600 ಡಿಗ್ರಿ ಶಾಖದಲ್ಲಿ, ಆ ಮಸಿ ಉರಿದು ಜಾಲರಿ ಖಾಲಿಯಾಗುತ್ತದೆ. ಬೀದರ್ ಗಂಜ್‌ನಿಂದ ಕೊಳಾರ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಬರುವುದು, ಮತ್ತೆ ನಿಲ್ಲಿಸುವುದು, ಇಷ್ಟೇ ದಿನಚರಿಯಾದ ಗಾಡಿಗೆ ಆ ಕಾವು ಸಿಗುವುದೇ ಇಲ್ಲ. ಜಾಲರಿ ಕಟ್ಟಿಕೊಳ್ಳುತ್ತದೆ, ದೀಪ ಹತ್ತುತ್ತದೆ, ಗಾಡಿಯ ಜೋರು ಇಳಿಯುತ್ತದೆ. ಅದೇ ಗಾಡಿ ಔರಾದ್‌ವರೆಗೆ ಒಂದೇ ವೇಗದಲ್ಲಿ ಓಡಿದರೆ ಈ ತೊಂದರೆ ಅಪರೂಪ. ಆದ್ದರಿಂದ ಪೇಟೆಯೊಳಗೇ ಸುತ್ತುವವರು ಸಿಎನ್‌ಜಿ ಅಥವಾ ಪೆಟ್ರೋಲ್ ಸಣ್ಣ ಗಾಡಿ ನೋಡಲಿ. ತಾಲ್ಲೂಕು ದಾಟಿ ಓಡುವವರಿಗೆ ಮಾತ್ರ ಡೀಸೆಲ್. ಎಂಜಿನ್ ಆಯಿಲ್ ಕೂಡ ಬಿಎಸ್-6ಕ್ಕೆ ಹೇಳಿದ ಕಡಿಮೆ ಬೂದಿಯದ್ದೇ ಬೇಕು. ಹಳೇ ಗಾಡಿಗೆ ಸುರಿಯುತ್ತಿದ್ದ ಅಗ್ಗದ ಆಯಿಲ್‌ನ ಬೂದಿ ಆ ಜಾಲರಿಯಲ್ಲೇ ಕೂರುತ್ತದೆ, ಮಸಿಯಂತೆ ಉರಿದು ಹೋಗುವುದಿಲ್ಲ.

ಕೆಲವು ಮಾದರಿಗಳಿಗೆ ಇದರ ಜೊತೆಗೆ ಡಿಇಎಫ್ ದ್ರವವನ್ನೂ ತುಂಬಿಸಬೇಕು. ಅದು ಶುದ್ಧ ನೀರಿನಲ್ಲಿ ಕರಗಿಸಿದ ಶೇ 32.5ರಷ್ಟು ಯೂರಿಯಾ. ಹಾಗೆಂದು ಹೊಲದ ಯೂರಿಯಾ ಚೀಲ ಬಿಚ್ಚಬೇಡಿ. ರೈತರಿಗೆ ಬರುವ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪವಿದೆ. ಆ ಎಣ್ಣೆ, ಬೋರ್ ನೀರಿನ ಸುಣ್ಣ ಎರಡೂ ಸೇರಿ ಸಿಂಪಡಿಕೆಯ ಮೂತಿಯನ್ನು ಮುಚ್ಚಿ, ಒಳಗಿನ ದುಬಾರಿ ವೇಗವರ್ಧಕವನ್ನೇ ಹಾಳು ಮಾಡುತ್ತವೆ. ಸಬ್ಸಿಡಿ ಗೊಬ್ಬರವನ್ನು ಹೀಗೆ ಬಳಸುವುದು ಅಪರಾಧವೂ ಹೌದು. ಗಾಡಿ ಆರಿಸುವಾಗ ಡಿಇಎಫ್ ಬೇಕೇ, ಬೇಡವೇ, ಬೇಕಿದ್ದರೆ ಸಂತಪುರದಲ್ಲೋ ಕಮಲನಗರದಲ್ಲೋ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ.

ವೇಗಮಿತಿ ಸಾಧನದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2015ರ ಅಕ್ಟೋಬರ್‌ನಿಂದ ಹೊಸ ಸಾರಿಗೆ ವಾಹನಗಳಿಗೆ 80 ಕಿ.ಮೀ. ಮಿತಿ ಇದೆ. ಶುಂಠಿ ಚೀಲ ಹೇರಿಕೊಂಡು ಮಾಂಜ್ರಾ ಸೇತುವೆ ದಾಟುವವರಿಗೆ ಅದಕ್ಕಿಂತ ಹೆಚ್ಚಿನ ವೇಗ ಯಾಕೆ ಬೇಕು?

ಕಾಯ್ದೆಯಲ್ಲಿ ನಮ್ಮ ಕೈಹಿಡಿಯುವ ಒಂದು ಸಾಲೂ ಇದೆ, ಮಾರುವವರು ಅದನ್ನು ಹೇಳುವುದು ಕಡಿಮೆ. ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನ ಪ್ರಕಾರ ಗಾಡಿ ಮತ್ತು ಸರಕು ಸೇರಿದ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಒಂದು ಕಡೆ ಉದಗೀರ್, ದೇಗಲೂರು, ಇನ್ನೊಂದು ಕಡೆ ಜಹೀರಾಬಾದ್ ಇರುವ ನಮ್ಮಂಥ ಗಡಿ ಜಿಲ್ಲೆಗೆ ಇದು ದೊಡ್ಡ ಅನುಕೂಲ. ರಾಜ್ಯದಲ್ಲಿ ಜಿಪಿಎಸ್ ಪತ್ತೆ ಸಾಧನ ಕಡ್ಡಾಯವಾದದ್ದು ಪ್ರಯಾಣಿಕರ ವಾಹನಗಳಿಗೆ ಮತ್ತು ರಾಷ್ಟ್ರೀಯ ಪರ್ಮಿಟ್ ಪಡೆದ ಸರಕು ವಾಹನಗಳಿಗೆ. ಪರ್ಮಿಟ್ಟೇ ಬೇಡದ ಗಾಡಿಗೆ ಆ ಖರ್ಚೂ ಇಲ್ಲ. 15 ಕ್ವಿಂಟಲ್ ಹೊರುವ ಟಾಟಾ ಇಂಟ್ರಾ ವಿ50 ಈ ಮಿತಿಯೊಳಗೇ ಇದೆ. ಎರಡು ಟನ್ ಹೊರುವ ಬೊಲೆರೊ ಮ್ಯಾಕ್ಸ್ ಎಚ್‌ಡಿ ಇದನ್ನು ದಾಟುತ್ತದೆ. ದಿನವೂ ಎರಡು ಟನ್ ಸರಕು ಸಿಗುವವರು ಮಾತ್ರ ಅದರತ್ತ ಹೋಗಲಿ. ದೇವಣಿ ಎತ್ತು ಸಾಗಿಸುವವರಿಗೂ ಒಂದು ಮಾತು. ನಿಯಮದಂತೆ ಒಂದು ದನಕ್ಕೆ 2 ಚದರ ಮೀಟರ್ ಜಾಗ ಬೇಕು. 3,050 ಮಿ.ಮೀ. ಉದ್ದದ ಬಾಡಿಯಲ್ಲೂ ನಿಲ್ಲುವುದು ಒಂದು ಜೋಡಿ ಮಾತ್ರ.

ಇನ್ನು ಕಂಪನಿಯದ್ದು. ಮುಂದಿನ ದೊಡ್ಡ ಪರದೆ, ಮೊಬೈಲಿಗೆ ಗಾಡಿಯ ಜಾತಕ ಕಳಿಸುವ ತಂತ್ರಾಂಶ, ಗೇರ್ ಯಾವಾಗ ಬದಲಿಸಬೇಕೆಂದು ಹೇಳುವ ಬಾಣದ ಗುರುತು ಇವನ್ನೆಲ್ಲ ಯಾವ ಸರ್ಕಾರವೂ ಪಿಕಪ್‌ಗೆ ಕೇಳಿಲ್ಲ. ಹತ್ತು ಗಾಡಿ, ಹತ್ತು ಚಾಲಕರು ಇರುವ ಮಾಲೀಕರಿಗೆ ಗಾಡಿ ಎಲ್ಲಿದೆ, ಎಷ್ಟು ಡೀಸೆಲ್ ಕುಡಿಯಿತು ಎಂಬುದು ಬೇಕು, ಒಪ್ಪುತ್ತೇನೆ. ತಾನೇ ಓಡಿಸುವವನಿಗೆ ಅದು ದಂಡ. ಅದೇ ಮಾದರಿಯ ಕೆಳಗಿನ ದರ್ಜೆಯ ಗಾಡಿ ತೋರಿಸಿ ಎಂದು ಪಟ್ಟು ಹಿಡಿಯಿರಿ. ಪರದೆ ನೋಡುವ ಹೊತ್ತಿನಲ್ಲಿ ಗಾಡಿಯ ಅಡಿಗೆ ಬಗ್ಗಿ ಕಮಾನು ಪಟ್ಟಿ ಎಷ್ಟಿವೆ, ಎಷ್ಟು ದಪ್ಪ ಎಂದು ನೋಡಿ. ಔರಾದ್‌ನ ಎರೆಮಣ್ಣಿನ ಹೊಲದ ದಾರಿ ಮಳೆಗಾಲದಲ್ಲಿ ಗಾಡಿಯನ್ನು ಪರೀಕ್ಷಿಸುವುದು ಅಲ್ಲಿಯೇ. ಸ್ಕ್ಯಾನರ್ ಇಟ್ಟುಕೊಂಡ ಮಿಸ್ತ್ರಿ ಭಾಲ್ಕಿಯಲ್ಲಿ ಇದ್ದಾರೆಯೇ, ಒಂದು ಸೆನ್ಸರ್‌ಗಾಗಿ ಹೈದರಾಬಾದ್ ದಾರಿ ಕಾಯಬೇಕೇ ಎಂಬುದನ್ನೂ ಅದೇ ಮಾದರಿ ಓಡಿಸುತ್ತಿರುವವರಿಂದ ತಿಳಿದುಕೊಳ್ಳಿ.

ನನಗೆ ನಿಜವಾಗಿ ಸಿಟ್ಟು ಬರುವುದು ಸರ್ಕಾರ ಕಡ್ಡಾಯ ಮಾಡದೆ ಬಿಟ್ಟದ್ದರ ಬಗ್ಗೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಆದರೆ ಅದು 3.5 ಟನ್‌ಗಿಂತ ಹೆಚ್ಚಿನ ತೂಕದವಕ್ಕೆ. ಪಿಕಪ್ ಚಾಲಕ ಹೊರಗುಳಿದ. ಮೇ ತಿಂಗಳ ಮಧ್ಯಾಹ್ನ ಎಂಜಿನ್ ಕಾವನ್ನು ಕಾಲಡಿಯಲ್ಲೇ ಇಟ್ಟುಕೊಂಡು ಬಿಸಿಲಲ್ಲಿ ಓಡಿಸುವ ಅವನಿಗೂ ದಣಿವಾಗುತ್ತದೆ, ತೂಕಡಿಕೆ ಬರುತ್ತದೆ. ಈ ನಿಯಮವನ್ನು ಸಣ್ಣ ಗಾಡಿಗಳಿಗೂ ತರಬೇಕೆಂದು ನಮ್ಮ ಚಾಲಕರ ಸಂಘಗಳು ಒತ್ತಾಯಿಸಬೇಕು. ಅಲ್ಲಿಯವರೆಗೆ, ಎಸಿ ಇರುವ ಪಿಕಪ್‌ಗಳು ಮಾರುಕಟ್ಟೆಯಲ್ಲಿ ಇದ್ದೇ ಇವೆ. ಪರದೆಗೆ ಕೊಡಬೇಕಿದ್ದ ಹಣವನ್ನು ಅದಕ್ಕೆ ಕೊಡಿ.